ಗೋಡೆ ಮೇಲೆ ಕೋವಿ ಇದೆ, ಮರಸು ಎಲ್ಲಿ?

ಕೊಡಗಿನ ಹಳೇ ಬಂಗಲೆಗಳನ್ನು ಹೋಂಸ್ಟೇ ಮಾಡಿದ ಕಡೆಯಲ್ಲೆಲ್ಲ ಒಂದು ಗೋಡೆ ಇದ್ದೇ ಇರುತ್ತೆ. ಕಡವೆ ಕೊಂಬು, ಅಡ್ಡಡ್ಡ ತೂಗುಹಾಕಿದ ಕೋವಿ, ಕಪ್ಪು-ಬಿಳುಪಿನ ಒಂದು ಫೋಟೊ: ಸತ್ತ ಹುಲಿಯ ಹಿಂದೆ ಮೀಸೆ ತಿರುವಿ ನಿಂತ ಯಜಮಾನರು. ವೀಕೆಂಡಿಗೆ ಹೋದ ನಾವು ಅದರ ಕೆಳಗೆ ಕೂತು ಪಂದಿ ಕರಿ, ಕಡಂಬುಟ್ಟು ಮುಗಿಸಿ, ‘ವೀರರ ನಾಡು’ ಅಂತ ಸ್ಟೇಟಸ್ ಹಾಕಿ ವಾಪಸ್ ಬರ್ತೀವಿ. ಬೇಟೆ ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತೀರ್ಮಾನಿಸಿದೆ, ಸರಿಯಾಗೇ ತೀರ್ಮಾನಿಸಿದೆ. ನನ್ನ ತಕರಾರು ಆ ಗೋಡೆ ಕತೆ ಹೇಳುವ ರೀತಿಯ ಬಗ್ಗೆ. ಅದು ಕೊನೇ ಪುಟವನ್ನಷ್ಟೇ ಹರಿದು ಕಟ್ಟು ಹಾಕಿಸಿಟ್ಟಿದೆ.

ಉಳಿದ ಪುಟಗಳಿಗೆ ಸೋಮವಾರಪೇಟೆ ಕಡೆಯ ನಮ್ಮ ಹಳ್ಳಿಯಲ್ಲಿ, ಮಲೆನಾಡಿನ ಉದ್ದಕ್ಕೂ, ಒಂದು ಹೆಸರಿದೆ: ಮರಸು. ಮರದ ಮೇಲೆ ಅಟ್ಟಣೆ ಕಟ್ಟಿಯೋ ನೆಲದ ಮೇಲೆ ಸೊಪ್ಪಿನ ಮರೆ ಮಾಡಿಯೋ ಪ್ರಾಣಿ ಬರೋ ತನಕ ಕಾಯೋದು. ಕಾಡುಕೋಳಿಯನ್ನೇ ತಗೊಳ್ಳಿ. ಗದ್ದೆ ಅಂಚಿನ ಬಿದಿರುಮೆಳೆ ಹತ್ತಿರ ಬೆಳಕು ಹರಿಯೋ ಮೊದಲೇ ಹೋಗಿ ಕೂರಬೇಕು. ಬೀಡಿ ಇಲ್ಲ, ಕೆಮ್ಮಿಲ್ಲ, ಜಿಗಣೆ ಹತ್ತಿದರೂ ಕೈ ಆಡಿಸೋ ಹಾಗಿಲ್ಲ. ದೂರದಲ್ಲೆಲ್ಲೋ ಹುಂಜ ‘ಕುಕ್ ಕಾಯ ಕಾಯ ಕುಕ್’ ಅಂತ ಕೂಗುತ್ತೆ. ಎಷ್ಟೋ ಹೊತ್ತಾದ ಮೇಲೆ ಪೊದೆ ಅಂಚಿಗೆ ಬಂದು ಕತ್ತು ನೀಟಿ ನಿಲ್ಲುತ್ತೆ. ಒಂದು ಎಲೆ ಅಲುಗಿದರೂ ಸಾಕು, ಹಾರೋ ತಾಪತ್ರಯವೂ ಇಲ್ಲದೆ ಓಡಿ ಹಳುವಿನೊಳಗೆ ಮಾಯ. ಹೆಚ್ಚಿನ ದಿನ ನಡೆಯೋದು ಇಷ್ಟೇ. ನಮ್ಮ ದೊಡ್ಡಪ್ಪ ಹೇಳುತ್ತಿದ್ದ ಬೇಟೆ ಕತೆಗಳಲ್ಲಿ ಕೋಳಿ ಸಿಕ್ಕ ಕತೆ ಎರಡೋ ಮೂರೋ ಇದ್ದಾವು. ಸಿಗದ ಕತೆಗಳಿಗೆ ಲೆಕ್ಕವಿರಲಿಲ್ಲ, ಕೇಳೋಕೆ ಚೆನ್ನಾಗಿದ್ದದ್ದೂ ಅವೇ.

ಕನ್ನಡದ ಒಳ್ಳೆಯ ಬೇಟೆ ಬರಹ ಈ ಗುಟ್ಟನ್ನು ಚೆನ್ನಾಗಿ ಬಲ್ಲದು. ಕೆನೆತ್ ಆಂಡರ್ಸನ್ನನ ಕತೆಗಳನ್ನು ತೇಜಸ್ವಿ ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರಲ್ಲ, ಅವುಗಳಲ್ಲಿ ಗುಂಡು ಹಾರೋ ಪ್ಯಾರಾ ನಿಮಗೆ ಎಷ್ಟು ನೆನಪಿದೆ? ನನಗಂತೂ ನೆನಪಿರೋದು ರಾತ್ರಿಯಿಡೀ ಅಟ್ಟಣೆ ಮೇಲೆ ಕೂತವನ ಕಿವಿ. (‘ಜಾಲಹಳ್ಳಿಯ ಕುರ್ಕ’ ಓದಿದವರು ಇವತ್ತು ಜಾಲಹಳ್ಳಿ ಮೆಟ್ರೋ ನಿಲ್ದಾಣದಲ್ಲಿ ಇಳಿಯುವಾಗ ಒಂದು ಕ್ಷಣ ತಡೆದು ನಿಲ್ತಾರೋ ಇಲ್ಲವೋ ಗೊತ್ತಿಲ್ಲ, ನಾನು ನಿಲ್ತೀನಿ.) ‘ಕರ್ವಾಲೊ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ. ವಿಜ್ಞಾನಿ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ನಾಯಿ ಎಲ್ಲ ಸೇರಿ ಕಾಡು ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಕಣ್ಣೆದುರೇ ಕಣಿವೆಯೊಳಕ್ಕೆ ತೇಲಿ ಹೋಗುತ್ತೆ. ನನ್ನ ಪ್ರಕಾರ ಕನ್ನಡದ ಅತ್ಯುತ್ತಮ ಬೇಟೆ ಕಾದಂಬರಿ ಅದು. ಅದರ ಕೊನೆಯಲ್ಲಿ ಬೇಟೆಗಾರರ ಕೈ ಖಾಲಿ.

ಇದನ್ನಿಟ್ಟುಕೊಂಡು ಕೊಡಗಿನ ಗೋಡೆಗೆ ವಾಪಸ್ ಬನ್ನಿ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟಾಗ ಆದೇಶದಲ್ಲಿ ಮೆಚ್ಚಿದ್ದು ಅವರ ನಿಷ್ಠೆ, ಕೆಚ್ಚು. ಆ ವಿನಾಯಿತಿ ಈಗಲೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದರ ಬಗ್ಗೆ ನನಗೆ ತಕರಾರಿಲ್ಲ, ಕೈಲ್ ಪೊಳ್ದ್ ದಿನ ಕೋವಿ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡೋದು ನೋಡೋಕೆ ಚೆಂದ. ಆದರೆ ಬ್ರಿಟಿಷ್ ಸಾಹೇಬನೊಬ್ಬ ತನ್ನ ಅನುಕೂಲಕ್ಕೆ ಬರೆದ ಹೊಗಳಿಕೆಯನ್ನೇ ನಾವು ಕೊಡಗಿನ ಬೇಟೆಗೆ ಮುನ್ನುಡಿ ಮಾಡಿಕೊಂಡಿದ್ದೀವಿ. ಕೊಡವರದೇ ಆದ ನರಿ ಮಂಗಲ ಇದಕ್ಕಿಂತ ಎಷ್ಟೋ ಆಳದ್ದು. (ಕೊಡವ ತಕ್ಕಿನಲ್ಲಿ ನರಿ ಅಂದ್ರೆ ಹುಲಿ, ನಗಬೇಡಿ.) ಹುಲಿ ಹೊಡೆದವನನ್ನು ಆ ಹುಲಿಯ ಪಕ್ಕದಲ್ಲೇ ಚಪ್ಪರದಡಿ ಮದುಮಗನ ಹಾಗೆ ಕೂರಿಸಿ ಊರಿನವರು ಮರ್ಯಾದೆ ಮಾಡುತ್ತಿದ್ದರು. ಕೊಂದವನಿಗೂ ಸತ್ತದ್ದಕ್ಕೂ ಸಂಬಂಧವೊಂದು ಬಿದ್ದಿದೆ, ಅದನ್ನು ಶಾಸ್ತ್ರ ಮಾಡಿ ಒಪ್ಪಿಕೊಳ್ಳಬೇಕು ಅನ್ನೋ ಅಳುಕು ಅದರಲ್ಲಿ ನನಗೆ ಕಾಣುತ್ತೆ. ಹೋಂಸ್ಟೇ ಫೋಟೊದಲ್ಲಿ ಆ ಅಳುಕಿಲ್ಲ.

ಇನ್ನೊಂದು ಇಲ್ಲ: ಫೋಟೊ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋದ, ಬರಿಮೈಯ ಆಳುಗಳ ಹೆಸರು. ಕೋವಿ ಹಿಡಿದವರು ಬಿಲ್ಲಿನಲ್ಲಿ ಕೂತಿರುತ್ತಿದ್ದರು, ಮುಳ್ಳುಹಳುವಿಗೆ ನುಗ್ಗಿ ಗದ್ದಲ ಮಾಡಿ ಸೋವುತ್ತಿದ್ದವರು, ಹೆಜ್ಜೆ ನೋಡಿ ಜಾಡು ಹೇಳುತ್ತಿದ್ದವರು ಯರವರು, ಕುರುಬರು, ಮನೆಯ ಜೀತದವರು. ಹಂದಿ ತಿರುಗಿಬಿದ್ದರೆ ಮೊದಲು ಸಿಗೋದು ಅವರೇ. ತೇಜಸ್ವಿ ‘ಪರಿಸರದ ಕತೆ’ಯಲ್ಲಿ ಮಾಸ್ತಿ, ಬೈರ ಅಂತ ಹೆಸರು ಹಿಡಿದೇ ಶುರು ಮಾಡುತ್ತಾರೆ. ಅಷ್ಟು ಮಾತ್ರಕ್ಕೆ ಆ ಪುಸ್ತಕ ಈ ಗೋಡೆಗಳಿಗಿಂತ ಪ್ರಾಮಾಣಿಕ.

‘ನಾವು ಕೋವಿ ಹಿಡಿಯಲ್ಲ, ಕ್ಯಾಮೆರಾ ಹಿಡೀತೀವಿ’ ಅನ್ನೋ ಗೆಳೆಯರಿಗೂ ಒಂದು ಮಾತು. ಘಟ್ಟದ ಆ ತುದಿಯಲ್ಲಿ, ಗಣೇಶಗುಡಿಯಲ್ಲಿ, ನೀರಿನ ಬಟ್ಟಲಿಗೆ ಬರೋ ಹಕ್ಕಿಗಳ ಮುಂದೆ ನಮ್ಮ ಐಟಿ ಮಂದಿ ಉದ್ದುದ್ದ ಲೆನ್ಸ್ ಹಿಡಿದು ಸಾಲಾಗಿ ಕೂತಿರೋದನ್ನು ನೋಡಿದ್ದೀನಿ. ಅದೂ ಮರಸೇ. ಕೆಲವರು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹತ್ತಿರ ಕರೀತಾರೆ. ಪಳಗಿಸಿದ ಮೃಗವನ್ನು ಮುಂದಿಟ್ಟು ಕಾಡಿನದನ್ನು ಸೆಳೆಯೋದಕ್ಕೆ ಹಳಗನ್ನಡದಲ್ಲಿ ‘ದೀವ’ ಅಂತಿದ್ದರು, ಈಗ ದೀವಕ್ಕೆ ಬ್ಲೂಟೂತ್ ಬಂದಿದೆ ಅಷ್ಟೇ. ಮನೆಗೆ ಬಂದು ಇನ್‌ಸ್ಟಾಗ್ರಾಂಗೆ ಹಾಕೋದು ಒಂದೇ ಒಂದು ಶಾರ್ಪ್ ಫೋಟೊ. ಬಟ್ಟಲೂ ಇಲ್ಲ, ಕಾದ ಆರು ಗಂಟೆಯೂ ಇಲ್ಲ. ಅದೇ ಗೋಡೆ, ಹೊಸ ಕಟ್ಟು. ತೇಜಸ್ವಿಯವರೂ ಕೋವಿ ಬಿಟ್ಟು ಕ್ಯಾಮೆರಾ ಹಿಡಿದವರೇ. ಆದರೆ ಹಕ್ಕಿಗಳ ಬಗ್ಗೆ ಬರೆಯುವಾಗ ಕಾದು ಕೆಟ್ಟದ್ದನ್ನೂ ಬರೆದರು.

ಕೊಡಗಿನಲ್ಲಿ ಈಗ ನಡೆಯೋ ಕಳ್ಳಬೇಟೆಗೆ ಈ ಕಾಯೋ ಕಷ್ಟವೂ ಬೇಡ. ಕಾಫಿ ತೋಟದ ಬೇಲಿಯಲ್ಲಿ ಹಂದಿಗೆ ಅಂತ ತಂತಿಯ ಉರುಳು ಕಟ್ಟಿ ಮನೆಗೆ ಹೋಗಿ ಮಲಗಿದರೆ ಆಯ್ತು. ಹಂದಿಯೇ ಬೀಳುತ್ತೋ, ಚಿರತೆ ಬೀಳುತ್ತೋ, ಹುಲಿ ಬೀಳುತ್ತೋ, ಕಟ್ಟಿದವನಿಗೆ ಬೆಳಿಗ್ಗೆ ಗೊತ್ತಾಗುತ್ತೆ. ಈ ಬೇಟೆಗೆ ಫೋಟೊ ಇಲ್ಲ, ಹಾಡಿಲ್ಲ, ಮಂಗಲ ಇಲ್ಲ. ಇದರ ವಿರುದ್ಧ ವರ್ಷಗಟ್ಟಲೆ ಕಾಡಿನಲ್ಲಿ ನಿಂತದ್ದೂ ಕೊಡಗಿನವರೇ: ನಾಗರಹೊಳೆಯ ರೇಂಜರ್ ಕೆ.ಎಂ. ಚಿಣ್ಣಪ್ಪ. 1992ರಲ್ಲಿ ಆ ಕಾಡಿಗೆ ಬೆಂಕಿ ಬಿತ್ತು, ಮರುವರ್ಷ ಅವರು ಕೆಲಸ ಬಿಟ್ಟರು. ಟಿ.ಎಸ್. ಗೋಪಾಲ್ ನಿರೂಪಿಸಿದ ‘ಕಾಡಿನೊಳಗೊಂದು ಜೀವ’ದಲ್ಲಿ ಅವರ ಬದುಕಿದೆ. ಮುಂದಿನ ಸಲ ಕೊಡಗಿಗೆ ಹೋಗುವಾಗ ಬ್ಯಾಗಿನಲ್ಲಿ ಅದು ಇರಲಿ. ರಾತ್ರಿ ಊಟ ಆದ ಮೇಲೆ ಆ ಗೋಡೆ ಕೆಳಗೇ ಕೂತು ಓದಿ.