ದಾನವಾಗಿ ಬಂದ ಯಂತ್ರ: ಕಾಣದ ವೆಚ್ಚಗಳ ಒಂದು ಪರಿಶೀಲನೆ

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆಂಬುದು ಲೋಕರೂಢಿಯ ಮಾತು. ಕೊಟ್ಟವರ ಔದಾರ್ಯವನ್ನು ಅಳೆಯಬಾರದೆಂಬ ಸೌಜನ್ಯ ಅದರಲ್ಲಿದೆ. ಆದರೆ ಹಸುವನ್ನು ಮೇಯಿಸುವ ಹೊಣೆ ಪಡೆದವರದೇ ಎಂಬುದನ್ನು ಆ ಮಾತು ಮರೆಸುತ್ತದೆ. ಅಭಿವೃದ್ಧಿಶೀಲ ದೇಶಗಳಿಗೆ ನೆರವಿನ ರೂಪದಲ್ಲಿ ಬಂದ ತಂತ್ರಜ್ಞಾನದ ಚರಿತ್ರೆಯಲ್ಲಿ ಈ ಮರೆವು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಯಂತ್ರದ ಬೆಲೆಯನ್ನು ದಾನಿಗಳು ಭರಿಸುತ್ತಾರೆ. ದುರಸ್ತಿ, ಬಿಡಿಭಾಗ, ಕಾಯುವ ಕಾಲ, ದೇಹಶ್ರಮ ಇವೆಲ್ಲ ಲೆಕ್ಕಪತ್ರದಲ್ಲಿ ನಮೂದಾಗದೆ ಪಡೆದವರ ಪಾಲಿಗೆ ಉಳಿಯುತ್ತವೆ. ಕುಡಿಯುವ ನೀರಿಗೆ ಸಂಬಂಧಿಸಿದ ಎರಡು ನಿದರ್ಶನಗಳ ಮೂಲಕ ಈ ಸಂಗತಿಯನ್ನು ಪರಿಶೀಲಿಸಬಹುದು.

ಮೊದಲನೆಯದು ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ 'ಪ್ಲೇಪಂಪ್'. ಮಕ್ಕಳು ಆಡುತ್ತ ತಿರುಗಿಸುವ ಚಕ್ರವು ಕೊಳವೆಬಾವಿಯ ನೀರನ್ನು ಎತ್ತರದ ತೊಟ್ಟಿಗೆ ಏರಿಸುತ್ತದೆ; ತೊಟ್ಟಿಯ ಸುತ್ತಲಿನ ಜಾಹೀರಾತು ಫಲಕಗಳ ಆದಾಯದಿಂದ ನಿರ್ವಹಣೆ ನಡೆಯುತ್ತದೆ. ಕೇಳಲು ಸೊಗಸಾದ ಈ ಕಲ್ಪನೆಗೆ 2000ದಲ್ಲಿ ವಿಶ್ವಬ್ಯಾಂಕಿನ ಪುರಸ್ಕಾರ ದೊರೆಯಿತು. 2006ರಲ್ಲಿ ಅಮೆರಿಕದ ಸರ್ಕಾರ ಹಾಗೂ ಖಾಸಗಿ ಪ್ರತಿಷ್ಠಾನಗಳು 1.64 ಕೋಟಿ ಡಾಲರ್ ನೆರವು ಘೋಷಿಸಿದವು. 2010ರೊಳಗೆ 4,000 ಪಂಪುಗಳಿಂದ ಒಂದು ಕೋಟಿ ಜನರಿಗೆ ನೀರು ಒದಗಿಸುವುದು ಗುರಿಯಾಗಿತ್ತು.

ಈ ಗುರಿಯನ್ನು ಸರಳ ಗಣಿತವೇ ಪ್ರಶ್ನಿಸುತ್ತದೆ. ಒಂದು ಪಂಪಿಗೆ 2,500 ಜನ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದರೆ 37,500 ಲೀಟರ್. ತಯಾರಕರೇ ಹೇಳಿದಂತೆ ಗಂಟೆಗೆ 1,400 ಲೀಟರ್ ನೀರು ಬಂದರೂ ಮಕ್ಕಳು ದಿನಕ್ಕೆ ಸುಮಾರು 27 ಗಂಟೆ ಆಡಬೇಕಾಗುತ್ತದೆ. ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆ 2009ರಲ್ಲಿ ಇದನ್ನು ಎತ್ತಿ ತೋರಿಸಿತು. ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಭಾರವಾದ ಆ ಚಕ್ರವನ್ನು ಬಾಗಿ ನೂಕಬೇಕಾದವರು ಹೆಂಗಸರು ಮತ್ತು ವೃದ್ಧೆಯರು. ದೂರದ ಹಳ್ಳಿಗಳಲ್ಲಿ ಜಾಹೀರಾತು ನೀಡುವವರೇ ಇರಲಿಲ್ಲ. ಫಲಕಗಳು ಖಾಲಿ ಉಳಿದವು, ನಿರ್ವಹಣೆಯ ಹಣವೂ ಬರಲಿಲ್ಲ. ಕೆಟ್ಟ ಪಂಪಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು.

ಇದಕ್ಕಿಂತ ಗಂಭೀರವಾದ ನಷ್ಟ ಮತ್ತೊಂದಿದೆ. ಮೊಜಾಂಬಿಕ್‌ನಂಥ ಕಡೆ ಮೊದಲೇ ಇದ್ದ ಕೈಪಂಪುಗಳನ್ನು ಕಿತ್ತು ಅದೇ ಬಾವಿಗಳ ಮೇಲೆ ಹೊಸ ಯಂತ್ರವನ್ನು ಕೂರಿಸಲಾಯಿತು. ಊರಿನವರು ತಾವೇ ಬಿಚ್ಚಿ ಸರಿಪಡಿಸಬಹುದಾಗಿದ್ದ ಸಾಧನ ಹೋಗಿ, ಹೊರಗಿನ ತಂತ್ರಜ್ಞನಿಗಾಗಿ ಕಾಯಬೇಕಾದ ಸಾಧನ ಬಂದಿತು. ಹೀಗೆ ದಾನವು ಒಂದು ವಸ್ತುವನ್ನು ಕೊಟ್ಟು ಒಂದು ಸಾಮರ್ಥ್ಯವನ್ನು ಕಸಿದುಕೊಂಡಿತು. ಪ್ರಮುಖ ದಾನಿಯಾದ ಕೇಸ್ ಪ್ರತಿಷ್ಠಾನವು 2010ರಲ್ಲಿ ಈ ಯೋಜನೆಯ ವೈಫಲ್ಯವನ್ನು ಬಹಿರಂಗವಾಗಿ ಒಪ್ಪಿಕೊಂಡಿತು.

ಎರಡನೆಯ ನಿದರ್ಶನ ಭಾರತದ್ದು. 1960ರ ದಶಕದ ಬರಗಾಲದ ನಂತರ ಯುನಿಸೆಫ್ ಒದಗಿಸಿದ ಕೊರೆಯುವ ಯಂತ್ರಗಳಿಂದ ಗಟ್ಟಿಶಿಲೆಯ ಪ್ರದೇಶಗಳಲ್ಲಿ ಕೊಳವೆಬಾವಿಗಳು ಹೆಚ್ಚಿದವು. ಅವುಗಳ ಮೇಲೆ ನಿಂತ ಎರಕದ ಕಬ್ಬಿಣದ ಪಂಪುಗಳು ಒಂದು ಕುಟುಂಬದ ಬಳಕೆಗೆ ತಕ್ಕ ಪರದೇಶದ ಮಾದರಿಗಳು; ಇಡೀ ಊರಿನ ಭಾರವನ್ನು ಅವು ತಾಳಲಿಲ್ಲ. 1970ರ ದಶಕದ ಮಧ್ಯಭಾಗದ ಸಮೀಕ್ಷೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಪಂಪುಗಳು ಕೆಟ್ಟು ನಿಂತಿದ್ದುದು ಕಂಡುಬಂದಿತು. ಇಲ್ಲಿಯವರೆಗೆ ಎರಡೂ ಕಥೆಗಳು ಒಂದೇ. ಮುಂದಿನ ಹಾದಿ ಮಾತ್ರ ಬೇರೆ. ಮಹಾರಾಷ್ಟ್ರದಲ್ಲಿ ರೂಪುಗೊಂಡಿದ್ದ ಸೊಲ್ಲಾಪುರದ ಉಕ್ಕಿನ ಪಂಪನ್ನು ಆಧಾರವಾಗಿಟ್ಟುಕೊಂಡು 'ಇಂಡಿಯಾ ಮಾರ್ಕ್ 2' ಸಿದ್ಧವಾಯಿತು. ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಅದನ್ನು ತಯಾರಿಸಿತು. ಪೇಟೆಂಟಿನ ಬೇಲಿಯಿಲ್ಲದ ಈ ವಿನ್ಯಾಸವನ್ನು ಅನೇಕ ಕಾರ್ಖಾನೆಗಳು ಕೈಗೆತ್ತಿಕೊಂಡವು.

ಆದರೆ ಇದನ್ನು ವಿಜಯಗಾಥೆಯೆಂದು ಭಾವಿಸುವುದೂ ಸರಿಯಲ್ಲ. ಆಳದ ಭಾಗ ಕೆಟ್ಟಾಗ ಕೊಳವೆಗಳನ್ನೆಲ್ಲ ಮೇಲೆತ್ತಲು ವಾಹನ ಮತ್ತು ತಂಡ ಬೇಕಾಗುತ್ತಿತ್ತು. ಆ ಕೊರತೆಯನ್ನು ನೀಗಲೆಂದೇ ಊರಿನಲ್ಲೇ ದುರಸ್ತಿ ಮಾಡಬಹುದಾದ 'ಮಾರ್ಕ್ 3' ಮುಂದೆ ರೂಪುಗೊಂಡಿತು. ಯುನಿಸೆಫ್ ಇಲ್ಲಿಯೂ ದಾನಿಯೇ. ಆದರೆ ಸೋಲನ್ನು ಅಳೆದು ವಿನ್ಯಾಸವನ್ನೇ ಬದಲಿಸುವ ಅವಕಾಶ ಇಲ್ಲಿ ಉಳಿದಿತ್ತು.

ಒಟ್ಟಿನಲ್ಲಿ ದಾನದ ತಂತ್ರಜ್ಞಾನವನ್ನು ಬೆಲೆಗಟ್ಟಬೇಕಾದುದು ಅದು ಸ್ಥಾಪನೆಯಾದ ದಿನವಲ್ಲ, ಮೊದಲ ಬಾರಿ ಕೆಟ್ಟ ದಿನ. ಅಂದು ಅದನ್ನು ಬಿಚ್ಚಬಲ್ಲವರು ಯಾರು, ಬಿಡಿಭಾಗ ಎಲ್ಲಿ ದೊರೆಯುತ್ತದೆ, ಬೇಡವೆನ್ನುವ ಹಕ್ಕು ಊರಿಗಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಕೊಡುಗೆ ಸಾಲಕ್ಕೆ ಸಮಾನ. ಹಲ್ಲು ಎಣಿಸುವುದು ಇಲ್ಲಿ ಕೃತಘ್ನತೆಯಲ್ಲ. ಕೊಟ್ಟವರೂ ಪಡೆದವರೂ ಕೂಡಿ ನಿರ್ವಹಿಸಬೇಕಾದ ಹೊಣೆ.