ಪುಕ್ಕಟೆಯ ವಾದ, ಪ್ರಾಚಾರ್ಯರ ಅನುಮಾನ

ಕಾಲೇಜು ಗ್ರಂಥಾಲಯಗಳ ಗಣಕೀಕರಣಕ್ಕೆ ಬಳಕೆಯಾಗುವ ‘ಕೊಹಾ’ ಒಂದು ಮುಕ್ತ ತಂತ್ರಾಂಶ. ಅಂದರೆ ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಪರವಾನಗಿಯಡಿ ಅದು ದೊರೆಯುತ್ತದೆ. ಆಡಳಿತ ಮಂಡಳಿಯನ್ನು ಇದಕ್ಕೆ ಒಪ್ಪಿಸಲು ಹೊರಟ ಗ್ರಂಥಪಾಲಕರು ಸಾಮಾನ್ಯವಾಗಿ ಮೊದಲು ಆಡುವ ಮಾತು, ‘ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ’ ಎಂಬುದು. ಮಾತು ಸುಳ್ಳಲ್ಲವಾದರೂ ಇರುವ ವಾದಗಳಲ್ಲೆಲ್ಲ ಇದೇ ದುರ್ಬಲವಾದದ್ದು, ಮತ್ತು ಇದನ್ನು ಕೇಳಿ ಪ್ರಾಚಾರ್ಯರು ಹಿಂಜರಿದರೆ ತಪ್ಪು ಅವರದಲ್ಲ. ಎಂ.ಕೆ. ಹುಬ್ಬಳ್ಳಿ, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಸರ್ವರ್ ಕೆಟ್ಟು ನಿಂತರೆ ಬಲ್ಲವರು ಧಾರವಾಡದಿಂದಲೋ ಬೆಳಗಾವಿಯಿಂದಲೋ ಬರಬೇಕಾಗುತ್ತದೆ. ಪರೀಕ್ಷೆಗೆ ಮುನ್ನ ನೋ-ಡ್ಯೂ ಪತ್ರಕ್ಕಾಗಿ ವಿದ್ಯಾರ್ಥಿಗಳು ಪಾಳಿ ಹಚ್ಚಿ ನಿಂತಿರುವಾಗ ‘ಕೆಟ್ಟರೆ ಯಾರನ್ನು ಹಿಡಿಯುವುದು?’ ಎಂಬ ಪ್ರಶ್ನೆಗೆ ‘ಪುಕ್ಕಟೆ’ ಎಂಬುದು ಉತ್ತರವಾಗಲಾರದು.

ಈ ವಾದದ ಕೊರತೆ ತಂತ್ರಾಂಶದ ಹುಟ್ಟಿನಲ್ಲೇ ಕಾಣುತ್ತದೆ. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟಿನ ಹಳೆಯ ವ್ಯವಸ್ಥೆ 2000ನೇ ಇಸವಿಯ ದಿನಾಂಕಗಳನ್ನು ತಾಳಲಾರದೆಂದು ಗೊತ್ತಾದಾಗ, ಆ ಟ್ರಸ್ಟು ಕಟಿಪೊ ಕಮ್ಯುನಿಕೇಶನ್ಸ್ ಎಂಬ ಸಂಸ್ಥೆಯಿಂದ 1999ರಲ್ಲಿ ಕೊಹಾವನ್ನು ಮಾಡಿಸಿಕೊಂಡು, 2000ದ ಜನವರಿಯಲ್ಲಿ ಬಳಕೆಗೆ ತಂದು, ಬಳಿಕ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಮಾವೋರಿ ಭಾಷೆಯಲ್ಲಿ ‘ಕೊಹಾ’ ಎಂದರೆ ಮರಳಿ ಸಲ್ಲಿಸುವ ಋಣವನ್ನೂ ಒಳಗೊಂಡ ಉಡುಗೊರೆ. ಕನ್ನಡದ ಓದುಗರಿಗೆ ಇದಕ್ಕೆ ಬೇರೆ ವಿವರಣೆ ಬೇಕಿಲ್ಲ: ಮದುವೆಯ ಮುಯ್ಯಿಯಲ್ಲಿಯೂ ಹೊಲದ ಮುಯ್ಯಾಳಿನಲ್ಲಿಯೂ ಇರುವ ಲೆಕ್ಕ ಇದೇ. ಮುಯ್ಯಾಳಾಗಿ ಬಂದವರಿಗೆ ಕೂಲಿ ಕೊಡುವಂತಿಲ್ಲ, ಆದರೆ ಅವರ ಹೊಲಕ್ಕೆ ಹೋಗದೆ ಉಳಿಯುವಂತೆಯೂ ಇಲ್ಲ. ಕೊಹಾವನ್ನು ಪಡೆದ ಕಾಲೇಜು ಪರವಾನಗಿ ಶುಲ್ಕ ಉಳಿಸಿಕೊಳ್ಳುತ್ತದೆ ನಿಜ, ಆದರೆ ಒಬ್ಬ ಸಿಬ್ಬಂದಿಯ ಕಲಿಕೆಗೆ, ಸರ್ವರಿಗೆ, ಯುಪಿಎಸ್‌ಗೆ, ಕರೆದಾಗ ಬರುವ ತಂತ್ರಜ್ಞರಿಗೆ ಹಣ ತೆಗೆದಿಡಲೇಬೇಕು. ಈ ಖರ್ಚನ್ನು ಮೊದಲ ಸಭೆಯಲ್ಲೇ ಬಾಯಿಬಿಟ್ಟು ಹೇಳುವವರು ವಿರಳ; ಒಂದು ವರ್ಷದ ನಂತರ ಅದು ತಾನಾಗಿ ಹೊರಬಿದ್ದಾಗ ತಂತ್ರಾಂಶದ ಜೊತೆಗೆ ಗ್ರಂಥಪಾಲಕರ ಮಾತಿನ ಮೇಲಿನ ವಿಶ್ವಾಸವೂ ಹೋಗುತ್ತದೆ.

ಹಾಗಾದರೆ ಕೊಹಾದ ಪರವಾಗಿ ಹೇಳಬೇಕಾದ ಗಟ್ಟಿಯಾದ ಮಾತು ದಾಖಲೆಗಳ ಒಡೆತನದ್ದು. ಗ್ರಂಥಾಲಯದ ನಿಜವಾದ ಆಸ್ತಿ ತಂತ್ರಾಂಶವಲ್ಲ, ದಶಕಗಳಿಂದ ಪರಿಗ್ರಹಣ ವಹಿಯಲ್ಲಿ, ಅಂದರೆ ಬಂದ ಪ್ರತಿ ಪುಸ್ತಕಕ್ಕೂ ಸಂಖ್ಯೆ ಕೊಟ್ಟು ಬರೆದಿಡುವ ದಪ್ಪ ರಿಜಿಸ್ಟರಿನಲ್ಲಿ, ಕೂಡಿಬಂದ ಮಾಹಿತಿ. ಕೊಹಾ ಇದನ್ನು ‘ಮಾರ್ಕ್ 21’ ಎಂಬ, ಜಗತ್ತಿನ ಗ್ರಂಥಾಲಯಗಳು ಒಪ್ಪಿಕೊಂಡ ವಿನ್ಯಾಸದಲ್ಲಿ ಇಡುವುದರಿಂದ ನಾಳೆ ಕೊಹಾವನ್ನೇ ಬಿಡಬೇಕಾಗಿ ಬಂದರೂ ಮಾಹಿತಿಯನ್ನು ಕಟ್ಟಿಕೊಂಡು ಹೊರಡಲು ದಾರಿಯಿರುತ್ತದೆ. ಕೊಹಾವನ್ನು ಯಾವ ಒಂದು ಕಂಪನಿಯೂ ಕೈವಶ ಮಾಡಿಕೊಳ್ಳಲಾರದೆಂಬ ಭರವಸೆಗೆ ಒಂದು ಪರೀಕ್ಷೆಯೂ ಆಗಿದೆ. ಕೊಹಾ ಎಂಬ ಹೆಸರಿನ ಟ್ರೇಡ್‌ಮಾರ್ಕನ್ನು ಅಮೆರಿಕದ ಕಂಪನಿಯೊಂದು ನ್ಯೂಜಿಲೆಂಡಿನಲ್ಲಿ ತನ್ನದಾಗಿಸಿಕೊಳ್ಳಲು ಹೊರಟಾಗ ಅದೇ ಹೊರೊಫೆನುವಾ ಟ್ರಸ್ಟು ಮತ್ತಿತರರು ತಕರಾರು ಸಲ್ಲಿಸಿ 2013ರಲ್ಲಿ ಗೆದ್ದರು. ವ್ಯಾಜ್ಯ ನಡೆದಷ್ಟು ಕಾಲವೂ ಆವೃತ್ತಿಗಳು ಹೊರಬರುತ್ತಲೇ ಇದ್ದವು. ಎಚ್ಚರಿಕೆಯ ಆಡಳಿತಗಾರರ ಮುಂದೆ ಇಡಬೇಕಾದದ್ದು ಇಂಥ ಸಂಗತಿ.

ಆದರೆ ಕಾಲೇಜುಗಳನ್ನು ಗಣಕೀಕರಣಕ್ಕೆ ದೂಡಿದ್ದು ಬಹುಮಟ್ಟಿಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಯ ಒತ್ತಡ. ಕೆಲವು ವರ್ಷ ಚಾಲ್ತಿಯಲ್ಲಿದ್ದ ಅದರ ನಮೂನೆ ತಂತ್ರಾಂಶದ ಹೆಸರು, ಆವೃತ್ತಿ, ಅಳವಡಿಸಿದ ವರ್ಷ, ಗಣಕೀಕರಣ ಪೂರ್ಣವೋ ಭಾಗಶಃವೋ ಎಂಬುದನ್ನು ಕೇಳಿತೇ ಹೊರತು, ದಾಖಲೆಗಳು ಯಾರ ಕೈಯಲ್ಲಿವೆ ಎಂದು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿದ್ಧಪಡಿಸುವ ರೂಢಿ ನಮ್ಮ ಸಂಸ್ಥೆಗಳಲ್ಲಿ ಕಡಿಮೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಸೋಲ್’ ಎಂಬ ಗ್ರಂಥಾಲಯ ತಂತ್ರಾಂಶ ಈಗಾಗಲೇ ಸರಿಯಾಗಿ ನಡೆಯುತ್ತಿರುವ ಕಡೆ ಬದಲಾವಣೆಗೆ ಅವಸರಿಸಬೇಕಾಗಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಕನ್ನಡ ಪುಸ್ತಕಗಳ ವಿಷಯದಲ್ಲಿ ತೊಡಕು ಇನ್ನೂ ಆಳವಾದದ್ದು. ಹಳೆಯ ಫಾಂಟ್ ಸಂಕೇತದಲ್ಲಿ ಬೆರಳಚ್ಚಿಸಿದ ‘ಕಿತ್ತೂರು’ ಎಂಬ ಪದ ಯುನಿಕೋಡ್ ಬಳಸುವ ಕೊಹಾದೊಳಗೆ ಪರಿವರ್ತನೆಯಿಲ್ಲದೆ ಬಂದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಪರಿವರ್ತಿಸಿದ ಮೇಲೆಯೂ ‘ಕರ್ನಾಟಕ’ ಮತ್ತು ‘ಕರ‍್ನಾಟಕ’ ಎಂದು ಅರ್ಕಾವತ್ತು ಇರುವ ಮತ್ತು ಇಲ್ಲದ ಎರಡು ರೂಪಗಳು ಉಳಿದು, ಓದುಗರಿಗೆ ಒಂದೇ ಪದವಾದದ್ದು ಹುಡುಕಾಟದಲ್ಲಿ ಎರಡಾಗಿಬಿಡಬಹುದು. ಇದನ್ನು ಕೂತು ತಿದ್ದುವ ಕೆಲಸ ಯಾವ ತಂತ್ರಾಂಶ ತಂದರೂ ತಪ್ಪದು, ಆದ್ದರಿಂದ ಅದಕ್ಕೆ ತಗಲುವ ತಿಂಗಳುಗಳನ್ನು ಪ್ರಸ್ತಾವನೆಯಲ್ಲೇ ಬರೆದಿಡುವುದು ಪ್ರಾಮಾಣಿಕ ಕ್ರಮ.

ಆಡಳಿತವನ್ನು ಒಪ್ಪಿಸುವ ಸರಿಯಾದ ವಿಧಾನ ಬ್ರೌಸರಿನಲ್ಲಿ ಚೆಂದದ ಮುಖಪುಟ ತೆರೆದು ತೋರಿಸುವುದರಲ್ಲಿಲ್ಲ. ಒಂದು ಸೆಮಿಸ್ಟರ್ ಕಾಲ ಹಳೆಯ ವಹಿಯ ಜೊತೆಜೊತೆಗೇ ಹೊಸ ವ್ಯವಸ್ಥೆಯನ್ನು ಒಂದೇ ವಿಭಾಗದಲ್ಲಿ ನಡೆಸಬೇಕು. ರೂಢಿಯ ವಿಧಾನದಲ್ಲಿ ಡೆಬಿಯನ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಸ್ಥಾಪಿಸಿದ ಕೊಹಾ ದಿನವೂ ದತ್ತಾಂಶದ ನಕಲು ತೆಗೆಯುತ್ತದೆಯಾದರೂ ಅದನ್ನು ಅದೇ ಯಂತ್ರದ ಡಿಸ್ಕಿನಲ್ಲಿಯೇ ಇಡುತ್ತದೆ. ಡಿಸ್ಕು ಸುಟ್ಟರೆ ಮೂಲವೂ ನಕಲೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಆ ನಕಲನ್ನು ಬೇರೊಂದು ಹಳೆಯ ಕಂಪ್ಯೂಟರಿಗೆ ಒಯ್ದು, ಪ್ರಾಚಾರ್ಯರ ಎದುರಿಗೇ ಮರುಸ್ಥಾಪಿಸಿ, ಅವರು ವಹಿಯಿಂದ ತಮಗೆ ತೋಚಿದ ಪರಿಗ್ರಹಣ ಸಂಖ್ಯೆಯೊಂದನ್ನು ಓದುವಂತೆ ಕೇಳಿಕೊಳ್ಳಬೇಕು. ಆ ಪುಸ್ತಕ ನಿನ್ನೆ ಸಂಜೆ ಯಾವ ವಿದ್ಯಾರ್ಥಿಯ ಹೆಸರಿನಲ್ಲಿತ್ತೆಂಬುದು ಪರದೆಯ ಮೇಲೆ ಕಾಣುವ ತನಕ ಹಳೆಯ ವಹಿಯನ್ನು ಮುಚ್ಚುವ ಮಾತನ್ನು ಎತ್ತಬಾರದು.