ಪ್ರೊಸೆಸರಿನ ಕುಲ ಕೇಳುವ ಚಟ

ಕಂಪ್ಯೂಟರಿನೊಳಗೆ ಯಾವ ಪ್ರೊಸೆಸರ್ ಇದೆಯೆಂದು ಸಾಫ್ಟ್‌ವೇರಿನಿಂದಲೇ ಪತ್ತೆಹಚ್ಚುವ ಮಾತು ಬಂದರೆ ಎಲ್ಲರೂ 1993ರ ಪೆಂಟಿಯಮ್ ಹೆಸರುವಾಸಿ ಮಾಡಿದ ಸಿಪಿಯುಐಡಿ ಸೂಚನೆಗೆ ಕೈಮುಗಿಯುತ್ತಾರೆ. ಅದಕ್ಕೆ ಮುಂಚಿನ ಉಪಾಯಗಳಿಗೆ ‘ಜುಗಾಡ್’ ಎಂಬ ಅಡ್ಡಹೆಸರು. ಪ್ರೊಸೆಸರ್ ಗುರುತಿಸುವ ಬಗೆ ತಿಳಿಸುವ ಇಂಟೆಲ್‌ನ ಎಪಿ-485 ಟಿಪ್ಪಣಿಯಲ್ಲಿ ಓದಲು ಯೋಗ್ಯವಾದದ್ದು ಆ ಜುಗಾಡೇ ಎಂಬುದು ನನ್ನ ವಾದ.

ಅದು ಹೀಗೆ: ಪ್ರೊಸೆಸರಿನ ಸ್ಥಿತಿ ತೋರುವ ಫ್ಲ್ಯಾಗ್ ರಿಜಿಸ್ಟರಿನ 12ರಿಂದ 15ರವರೆಗಿನ ಬಿಟ್‌ಗಳನ್ನು ಸೊನ್ನೆ ಮಾಡಿ ಬರೆದು, ಮತ್ತೆ ಓದಬೇಕು. ನಾಲ್ಕೂ ಒಂದಾಗಿಯೇ ಮರಳಿದರೆ ಅದು 8086. ಇಲ್ಲದಿದ್ದರೆ ಅವನ್ನೇ ಒಂದು ಮಾಡಿ ಬರೆಯಬೇಕು. ರಿಯಲ್ ಮೋಡ್‌ನಲ್ಲಿ ಸೊನ್ನೆಯಾಗಿ ಮರಳಿದರೆ 286. ಮುಂದೆ 18ನೆಯ ಬಿಟ್: ಅದು ಜಪ್ಪಯ್ಯ ಅಂದರೂ ಬದಲಾಗದಿದ್ದರೆ 386. ಈ ಬಿಟ್ಟನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ಮೆಮೊರಿಯಲ್ಲಿ ಸಾಲುತಪ್ಪಿ ಕೂತ ದತ್ತಾಂಶವನ್ನು ಹಿಡಿದುಕೊಡುವ ಹೊಸ ಸಾಮರ್ಥ್ಯ 486ಕ್ಕೆ ಬಂದದ್ದೇ ಈ ಬಿಟ್ಟಿನ ಮೂಲಕ. ಎಂದರೆ ಗುರುತೂ ಕಸುಬೂ ಒಂದೇ. ಇನ್ನು ಸಿಪಿಯುಐಡಿ ಇದೆಯೋ ಇಲ್ಲವೋ ಎಂದು ತಿಳಿಯಲು 21ನೆಯ ಬಿಟ್ಟನ್ನು ಹೀಗೆಯೇ ತಿರುವಿ ನೋಡಬೇಕು. ಜುಗಾಡ್ ಬಾಗಿಲು ತೆರೆಯದೆ ಮಹಾಶಯರು ಒಳಗೆ ಬರುವಂತಿಲ್ಲ!

ಬಂದವರು ಮೊದಲು ಒಪ್ಪಿಸುವುದು ‘ಜೆನ್ಯೂಯಿನ್‌ಇಂಟೆಲ್’ ಎಂಬ ಹನ್ನೆರಡು ಇಂಗ್ಲಿಷ್ ಅಕ್ಷರ. ಸಾಮರ್ಥ್ಯ ಹೇಳುವ ಬಿಟ್‌ಗಳೂ ಇದೇ ಸೂಚನೆಯಲ್ಲಿವೆ, ಅದು ಒಳ್ಳೆಯದೇ. ಆದರೆ ಇಂಟೆಲ್‌ನ ಕಂಪೈಲರ್ ಹೆಸರು ನೋಡಿ ಪಂಕ್ತಿ ಹಾಕಿತು: ಎದುರಾಳಿ ಎಎಂಡಿಯ ಚಿಪ್ಪಿಗೆ ಸಾಮರ್ಥ್ಯವಿದ್ದರೂ ನಿಧಾನದ ಕೋಡ್. ಸಾಫ್ಟ್‌ವೇರ್ ತಜ್ಞ ಆಗ್ನರ್ ಫಾಗ್ ಇದನ್ನು ಬಯಲಿಗೆಳೆದರು. 2010ರಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗಿನ ರಾಜಿಯಲ್ಲೂ ಕಂಪೈಲರಿನ ವಿಷಯ ಸೇರಿತು. ವಯಾ ಕಂಪನಿಯ ನ್ಯಾನೊ ಚಿಪ್ಪಿಗೆ ಇಂಟೆಲ್ ಹೆಸರು ತೊಡಿಸಿದಾಗ ಪಿಸಿಮಾರ್ಕ್ ಪರೀಕ್ಷೆಯಲ್ಲಿ ಅದರ ಅಂಕವೇ ಏರಿತ್ತು. ‘ಪರರ ಚಿಪ್ಪಿಗೆ ನಾವು ಹೊಣೆಯಾಗಲಾಗದು’ ಎಂದು ಸಮರ್ಥಿಸುವವರಿದ್ದಾರೆ. ಯಾರು ಹೊಣೆಯಾಗಿ ಅಂದರು? ಬಿಟ್ ಸುಳ್ಳು ಹೇಳಿದರೆ ತಪ್ಪು ಚಿಪ್ಪಿನದು.

ಹೆಸರಿನ ಬದಲು ಸಾಮರ್ಥ್ಯ ಕೇಳುವ ದಾರಿಯೂ ಇದೆ. ಚೆನ್ನೈಯ ಐಐಟಿ ಮದ್ರಾಸಿನಲ್ಲಿ ರೂಪುಗೊಂಡ ‘ಶಕ್ತಿ’ ಪ್ರೊಸೆಸರುಗಳು ರಿಸ್ಕ್-ಫೈವ್ ಎಂಬ ವಿನ್ಯಾಸದ ವಂಶದವು. ಆ ವಂಶದ ‘ಮಿಸಾ’ ರಿಜಿಸ್ಟರಿನಲ್ಲಿ ಎ ಇಂದ ಝಡ್‌ವರೆಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಬಿಟ್. ಎಂ ಇದ್ದರೆ ಗುಣಾಕಾರ-ಭಾಗಾಕಾರ ಬರುತ್ತದೆಂದು ಅರ್ಥ. ಮಿಸಾ ಬರೀ ಸೊನ್ನೆ ಕೊಟ್ಟರೂ ನಡೆಯುತ್ತದೆ, ತಯಾರಕರ ಸಂಖ್ಯೆಯೂ ಸೊನ್ನೆಯಿರಬಹುದು. ಇದು ಅರೆಬೆಂದ ವಿನ್ಯಾಸವೆಂದು ಮೂಗು ಮುರಿಯುವವರ ಜೊತೆ ನನ್ನ ಜಗಳ ಹಳೆಯದು. ಹೆಸರಿಲ್ಲದ ಚಿಪ್ಪನ್ನೂ ಕೆಲಸಕ್ಕೆ ಹಚ್ಚಬಹುದೆಂದು ಒಪ್ಪಿದ ವಿನ್ಯಾಸ ಅದು. ಸಾಮಾನ್ಯ ಪ್ರೋಗ್ರಾಮುಗಳಿಗೆ ಈ ರಿಜಿಸ್ಟರುಗಳನ್ನು ನೇರ ಓದುವ ಅಧಿಕಾರವಿಲ್ಲ. ಅಂಥ ಪ್ರೋಗ್ರಾಮುಗಳಿಗಾಗಿ ಲಿನಕ್ಸ್ 2023ರಲ್ಲಿ ಹೊಸ ಸಿಸ್ಟಮ್ ಕಾಲ್ ಕೊಟ್ಟಿತು. ಅದರಲ್ಲಿ ಕೇಳಬಹುದಾದ ಮೊದಲ ಮೂರು ಪ್ರಶ್ನೆಗಳು: ತಯಾರಕ ಯಾರು, ವಿನ್ಯಾಸ ಯಾವುದು, ಆವೃತ್ತಿ ಎಷ್ಟನೆಯದು. ಏನು ಬರುತ್ತದೆ ಎಂಬ ಪ್ರಶ್ನೆಗೆ ಆಮೇಲಿನ ಸರದಿ.